ಎಂಜಿನ್‌ಗೆ ಹಾರ, ಹಿಂದಿನ ಬ್ಲೇಡಿಗೆ ತುಕ್ಕು

ಮಳೆಗಾಲ ಶುರುವಾಯಿತೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆಯ ಕಾಲೇಜುಗಳಲ್ಲಿ ‘ಕೆಸರ್ಡ್ ಒಂಜಿ ದಿನ’ದ ಸಂಭ್ರಮ. ಎನ್ನೆಸ್ಸೆಸ್‌ನವರು ಒಂದು ಗದ್ದೆ ಗೊತ್ತು ಮಾಡುತ್ತಾರೆ. ಹಗ್ಗಜಗ್ಗಾಟ, ಓಟ, ಮಧ್ಯಾಹ್ನ ಗಂಜಿ-ಚಟ್ನಿ, ಸಂಜೆ ಎಲ್ಲರ ವಾಟ್ಸ್ಆ್ಯಪ್ ಸ್ಟೇಟಸ್ ತುಂಬ ಕೆಸರು. ಆ ಗದ್ದೆಯನ್ನು ಹಿಂದಿನ ದಿನ ಉತ್ತು ಹದ ಮಾಡಿದವರು ಯಾರೆಂದು ಹೆಚ್ಚಿನವರು ಕೇಳುವುದಿಲ್ಲ. ಹುಣಿಯ ಬದಿಯಲ್ಲಿ ನಿಂತ ಟಿಲ್ಲರ್‌ನ ಹ್ಯಾಂಡಲ್ ಹಿಡಿದು ಫೋಟೊ ತೆಗೆಸಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದರ ಹಿಂದೆ ಎಂತ ಉಂಟು ಎಂದು ಬಗ್ಗಿ ನೋಡುವವರು ಕಡಿಮೆ.

ಬಗ್ಗಿ ನೋಡುವುದೇ ಈಗ ನನ್ನ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತ ರಜೆಯಲ್ಲೆಲ್ಲ ಒಂದು ಸಣ್ಣ ಗ್ಯಾರೇಜಿಗೆ ಹೋಗುತ್ತಿದ್ದೆ. ಅಲ್ಲಿಗೆ ಬರುವುದು ಬೈಕು, ಕಾರು ಅಲ್ಲ. ಟಿಲ್ಲರ್, ಮಿನಿ ಟ್ರ್ಯಾಕ್ಟರ್, ರೋಟವೇಟರ್, ಟ್ರೈಲರ್. ಗ್ಯಾರೇಜಿನ ಅಣ್ಣ ಮೊದಲ ದಿನವೇ ಹೇಳಿದ ಮಾತು: “ಎಂಜಿನ್ ಕೆಟ್ಟರೆ ನಿಲ್ತದೆ, ಅಷ್ಟೆ ಮಾರಾಯ. ಹಿಂದಿನ ಅಟ್ಯಾಚ್‌ಮೆಂಟ್ ಕೆಟ್ಟರೆ ಕಾಲು ಹೋಗ್ತದೆ.” ಎರಡು ವರ್ಷ ಅಲ್ಲಿ ಗ್ರೀಸು ಮೆತ್ತಿಕೊಂಡ ಮೇಲೆ ಆ ಮಾತಿಗೆ ನಾನೂ ಒಂದನ್ನು ಸೇರಿಸಬಲ್ಲೆ. ನಮ್ಮ ಮೂರು ತಾಲೂಕಿನಲ್ಲಿ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಹಿಂದಿನ ಭಾಗವನ್ನು ಸರಿಯಾಗಿ ಜೋಡಿಸಿ, ಸರಿಯಾಗಿ ಇಟ್ಟುಕೊಳ್ಳಲು ಹೇಳಿಕೊಡುವವರು ಸಿಗುವುದು ಕಷ್ಟ. ಕೆಲಸ ಹುಡುಕುತ್ತಿರುವ ನಮ್ಮಂಥವರು ಗಮನಿಸಬೇಕಾದ ಜಾಗ ಇದು.

ಆಯುಧ ಪೂಜೆಯ ದಿನ ಯಾವ ಅಂಗಳಕ್ಕೆ ಹೋದರೂ ನೋಡಬಹುದು. ಟ್ರ್ಯಾಕ್ಟರಿನ ಬಾನೆಟ್ಟಿಗೆ ಹಾರ, ಕುಂಕುಮ, ಟಯರಿನ ಕೆಳಗೆ ನಿಂಬೆಹಣ್ಣು. ರೋಟವೇಟರ್ ಮಾತ್ರ ಕೊಟ್ಟಿಗೆಯ ಹಿಂದೆ, ಜುಲೈ ತಿಂಗಳ ಕೆಸರು ಒಣಗಿದ ಹಾಗೆಯೇ ಬಿದ್ದಿರುತ್ತದೆ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ, ಬೇರಿಂಗ್ ಮಾಡಿಕೊಳ್ಳುತ್ತದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲ ಅದು. ನೇಗಿಲು, ನೊಗ, ಹಲಗೆ ಎಲ್ಲ ಮರದ್ದು. ಕುಳ ಸವೆದರೆ ಕಮ್ಮಾರನ ಕುಲುಮೆಗೆ, ನೊಗ ಸೀಳಿದರೆ ಆಚಾರಿಯ ಬಳಿಗೆ. ಯಾವ ಭಾಗ ಯಾಕೆ ಇದೆ ಎಂದು ಉಳುವವನಿಗೂ ಗೊತ್ತಿತ್ತು. ಈಗ ಕೋಣಗಳ ಹಿಂದೆ ನೇಗಿಲು ಕಾಣಬೇಕಾದರೆ ಕಂಬಳಕ್ಕೇ ಹೋಗಬೇಕು. ಗದ್ದೆಗೆ ಟಿಲ್ಲರ್ ಬಂತು. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ಶುರುವಾಯಿತು, ಕೇರಳ ಸರ್ಕಾರದ ಕ್ಯಾಮ್ಕೊ 1973ರಲ್ಲಿ. ನಮ್ಮ ಮೆಟ್ಟಿಲು ಮೆಟ್ಟಿಲು ಗದ್ದೆಗಳಿಗೆ, ದೊಡ್ಡ ಟ್ರ್ಯಾಕ್ಟರ್ ತಿರುಗಿಸಲು ಜಾಗ ಇಲ್ಲದ ಬಾಕಿಮಾರುಗಳಿಗೆ ಈ ಹನ್ನೆರಡು ಹದಿಮೂರು ಅಶ್ವಶಕ್ತಿಯ ಯಂತ್ರ ಹೇಳಿ ಮಾಡಿಸಿದ ಹಾಗಿತ್ತು. ಯಂತ್ರ ಬಂತು, ಆದರೆ ಅದರ ಜತೆಗೆ ಬರಬೇಕಾಗಿದ್ದ ತಿಳಿವಳಿಕೆ ಮಾರಾಟಗಾರನ ಅಂಗಡಿಯಲ್ಲೇ ಉಳಿಯಿತು. ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅದು ಗೋದ್ರೇಜಿನೊಳಗೆ, ಆರ್‌ಟಿಸಿಯ ಅಡಿಯಲ್ಲಿ ಭದ್ರವಾಗಿರುತ್ತದೆ.

ಮಣ್ಣು ಹೊರಳಿಸುವ ಬ್ಲೇಡಿನ ಕತೆ ಇನ್ನೂ ಹಳೆಯದು. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ಹುಡುಗ 1912ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಅಪ್ಪನ ಜಮೀನಿನಲ್ಲಿ ಉಗಿ ಟ್ರ್ಯಾಕ್ಟರಿನ ಎಂಜಿನ್ ಬಳಸಿ ತಿರುಗುವ ಗುದ್ದಲಿ ಮಾಡಲು ಹೊರಟ. ಮೊದಲು ಮಾಡಿದ್ದು ಮಣ್ಣನ್ನು ಬದಿಗೆ ಎಸೆಯುತ್ತಿತ್ತು. ಕಡೆಗೆ ಇಂಗ್ಲಿಷಿನ ‘ಎಲ್’ ಅಕ್ಷರದ ಹಾಗೆ ಬಾಗಿದ ಬ್ಲೇಡ್ ಮಾಡಿದಾಗ ಸರಿಹೋಯಿತು. ಇವತ್ತು ನಮ್ಮ ಗ್ಯಾರೇಜಿಗೆ ಬರುವ ರೋಟವೇಟರಿನಲ್ಲಿರುವುದೂ ಅದೇ ಎಲ್ ಬ್ಲೇಡು. ರೋಟವೇಟರ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ ನೋಡಿ, ಹಾಗೆಯೇ ಇರುತ್ತದೆ. ಕ್ವಿಜ್‌ಗೆ ಆಗುತ್ತದೆ.

ಜೋಡಿಸುವಾಗಲೇ ಅರ್ಧ ತಪ್ಪು

ಹೊಸ ರೋಟವೇಟರ್ ಮನೆಗೆ ಬರುವಾಗ ಪೂರ್ತಿ ಜೋಡಣೆ ಆಗಿ ಬರುತ್ತದೆಂದು ತಿಳಿಯಬೇಡಿ. ಎಷ್ಟೋ ಸಲ ಬ್ಲೇಡಿನ ಕಟ್ಟು ಬೇರೆ, ನಟ್ಟು-ಬೋಲ್ಟಿನ ಚೀಲ ಬೇರೆ, ಪಿಟಿಒ ಶಾಫ್ಟ್ ಬೇರೆ. ಪಿಟಿಒ ಅಂದರೆ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಹೊರಗೆ ಚಾಚಿದ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಹಲ್ಲಿನ ಕಂಬಿ. ಅದಕ್ಕೂ ರೋಟವೇಟರಿಗೂ ನಡುವೆ ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಶಾಫ್ಟು.

ಈ ಶಾಫ್ಟಿನ ಉದ್ದವೇ ಮೊದಲ ಪರೀಕ್ಷೆ. ಒಂದೊಂದು ಟ್ರ್ಯಾಕ್ಟರಿಗೆ ಒಂದೊಂದು ಅಳತೆ. ರೋಟವೇಟರ್ ಎತ್ತಿದಾಗ, ಇಳಿಸಿದಾಗ ಎರಡು ತುದಿಗಳ ಅಂತರ ಬದಲಾಗುತ್ತದೆ. ಅಂತರ ತೀರಾ ಕಡಿಮೆಯಾಗುವ ಸ್ಥಿತಿಯಲ್ಲಿ ಕೊಳವೆಗಳು ಒಂದಕ್ಕೊಂದು ತಾಗಿ ಒತ್ತಬಾರದು, ಒತ್ತಿದರೆ ಗೇರ್‌ಬಾಕ್ಸಿನ ಬೇರಿಂಗ್ ಹೋಗುತ್ತದೆ. ಹೆಚ್ಚಾಗುವ ಸ್ಥಿತಿಯಲ್ಲಿ ಒಂದರೊಳಗೊಂದು ಕನಿಷ್ಠ ಮೂರನೇ ಒಂದು ಭಾಗವಾದರೂ ಇರಬೇಕು, ಇಲ್ಲದಿದ್ದರೆ ತಿರುಗುತ್ತಿರುವಾಗಲೇ ಕಳಚಿ ಬಾರುಕೋಲಿನ ಹಾಗೆ ಬೀಸುತ್ತದೆ. ಉದ್ದ ಹೆಚ್ಚಾದರೆ ಎರಡೂ ಕೊಳವೆಗಳನ್ನು, ಅವುಗಳ ಪ್ಲಾಸ್ಟಿಕ್ ಕವಚವನ್ನೂ ಸಮವಾಗಿ ಕತ್ತರಿಸಿ, ಅಂಚನ್ನು ಅರದಿಂದ ನಯ ಮಾಡಿ, ಗ್ರೀಸ್ ಹಚ್ಚಿ ಸೇರಿಸಬೇಕು. ಸೇರಿಸುವಾಗ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು. ಒಂದು ಅಡ್ಡ, ಒಂದು ಉದ್ದ ಆದರೆ ಇಡೀ ಯಂತ್ರ ನಡುಗುತ್ತದೆ. ನಡುಗುವ ರೋಟವೇಟರ್ ತಂದವರಲ್ಲಿ ಅನೇಕರು “ಬ್ಲೇಡ್ ಸರಿ ಇಲ್ಲ” ಎಂದೇ ಹೇಳುತ್ತಾರೆ. ಅಣ್ಣ ಮಾತಾಡದೆ ಶಾಫ್ಟು ಎಳೆದು, ಕಾಲು ಸುತ್ತು ತಿರುಗಿಸಿ ಸೇರಿಸುತ್ತಾನೆ. ಎರಡು ನಿಮಿಷದ ಕೆಲಸ.

ಬ್ಲೇಡಿನಲ್ಲಿ ಎಡದ್ದು, ಬಲದ್ದು ಎಂದು ಎರಡು ಜಾತಿ. ನಡುವಿನ ಚಕ್ರಗಳಲ್ಲಿ ಎರಡೂ ಸೇರಿ ಬರುತ್ತವೆ, ತುದಿಯ ಚಕ್ರದಲ್ಲಿ ಎಲ್ಲವೂ ಒಳಮುಖವಾಗಿರಬೇಕು. ಹರಿತದ ಅಂಚು ತಿರುಗುವ ದಿಕ್ಕಿಗೆ ಮುಖ ಮಾಡಬೇಕು. ಒಂದೇ ಒಂದು ಬ್ಲೇಡು ಹಿಂದುಮುಂದಾದರೂ ಬೆನ್ನಿನಿಂದ ಮಣ್ಣಿಗೆ ಹೊಡೆಯುತ್ತದೆ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಆದ್ದರಿಂದ ಹಳೆಯ ಬ್ಲೇಡುಗಳನ್ನೆಲ್ಲ ಒಮ್ಮೆಲೇ ಬಿಚ್ಚಿ ಗೋಣಿಯಲ್ಲಿ ಹಾಕಬಾರದು. ಒಂದು ಬಿಚ್ಚಿ, ಅದೇ ಜಾಗಕ್ಕೆ ಅದೇ ಬದಿಯದನ್ನು ಹಾಕಿ, ಆಮೇಲೆ ಮುಂದಿನದು. ಟಿಲ್ಲರ್‌ನ ರೋಟರಿಯಲ್ಲೂ ಇದೇ ಕ್ರಮ, ಅಲ್ಲಿ ಬ್ಲೇಡುಗಳು ಶಾಫ್ಟಿನ ಸುತ್ತ ಸುರುಳಿಯಾಗಿ ಸಾಗುತ್ತವೆ. ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ತಲೆಬಿಸಿ ಇಲ್ಲ.

ಸವೆದ ಬ್ಲೇಡಿಗೆ ಹಳೆಯ ಲೀಫ್ ಸ್ಪ್ರಿಂಗಿನ ತುಂಡು ವೆಲ್ಡ್ ಮಾಡಿಸುವ ಅಭ್ಯಾಸ ನಮ್ಮ ಕಡೆ ಇದೆ. ಉಳಿತಾಯ ನಿಜ. ಆದರೆ ಬ್ಲೇಡನ್ನು ಕಾಯಿಸಿ ಹದ ಮಾಡಿಯೇ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಬೆಸುಗೆಯ ಪಕ್ಕದಲ್ಲಿ ಆ ಹದ ಕೆಡುತ್ತದೆ, ಕೆಂಪುಕಲ್ಲಿಗೆ ಬಡಿದಾಗ ಅಲ್ಲೇ ತುಂಡಾಗುತ್ತದೆ. ತುಂಡು ಎಲ್ಲಿಗೆ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ. ಹಿಂದಿನ ತಗಡನ್ನು ‘ಹುಲ್ಲು ಸಿಕ್ಕಿಕೊಳ್ಳುತ್ತದೆ’ ಎಂದು ಬಿಚ್ಚಿಟ್ಟವರ ಯಂತ್ರದಲ್ಲಂತೂ ಹಿಂದೆ ನಡೆಯುವವನ ಮೊಣಕಾಲಿಗೇ.

ಇನ್ನು ಬೋಲ್ಟು. ನಾವು ತರಗತಿಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ‘8.8’ ಅನ್ನು ನಾನು ನಿಜವಾಗಿ ಕಂಡದ್ದು ಇಲ್ಲಿ, ಬೋಲ್ಟಿನ ತಲೆಯ ಮೇಲೆ. ಮೊದಲ 8 ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು, ಚುಕ್ಕೆಯ ನಂತರದ 8 ಅಂದರೆ ಅದರ ಶೇ 80ರಷ್ಟಕ್ಕೆ ಅದು ಬಾಗಲು ಶುರು. ಬ್ಲೇಡಿಗೆ ಇಂಥ ಗಟ್ಟಿ ಬೋಲ್ಟೇ ಬೇಕು, ಬಾಗಿಲಿನ ಬಿಜಾಗರಿಗೆ ಹಾಕುವುದಲ್ಲ. ಆದರೆ ಕೆಲವು ಪಿಟಿಒ ಶಾಫ್ಟುಗಳಲ್ಲಿ ಇರುವ ಷಿಯರ್ ಬೋಲ್ಟಿನ ನ್ಯಾಯ ತಿರುಗುಮುರುಗು. ಅದು ಬೇಕೆಂದೇ ಮೆತ್ತಗಿನದು. ಬೇರಿಗೋ ಕಲ್ಲಿಗೋ ಸಿಕ್ಕಿ ರೋಟವೇಟರ್ ನಿಂತುಹೋದಾಗ ತಾನು ತುಂಡಾಗಿ ಗೇರ್‌ಬಾಕ್ಸ್ ಉಳಿಸುವುದು ಅದರ ಧರ್ಮ. “ಪದೇ ಪದೇ ತುಂಡಾಗ್ತದೆ ಮಾರ್ರೆ” ಎಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದವರು ಮುಂದಿನ ವಾರ ಬರುವುದು ಒಡೆದ ಗೇರಿನ ಜತೆ. ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೆ ಇದು.

ಟ್ರ್ಯಾಕ್ಟರಿಗೆ ಸಿಕ್ಕಿಸುವಾಗ ಇನ್ನೊಂದು ಅಪಾಯ. ಚಾಲಕ ಹಿಂದಕ್ಕೆ ಬರುತ್ತಿರುತ್ತಾನೆ, ಹುಡುಗನೊಬ್ಬ ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವೆ ನಿಂತು “ಬರ್ಲಿ ಬರ್ಲಿ” ಎನ್ನುತ್ತಿರುತ್ತಾನೆ. ಕ್ಲಚ್ಚಿನಿಂದ ಕಾಲು ಒಮ್ಮೆ ಜಾರಿದರೆ ಸಾಕು. ನಡುವೆ ಯಾರೂ ಇರಬಾರದು. ಟ್ರ್ಯಾಕ್ಟರ್ ಪೂರ್ತಿ ನಿಂತು, ಬ್ರೇಕ್ ಹಾಕಿದ ಮೇಲೆಯೇ ಕೈ ಹಾಕಬೇಕು. ಮೊದಲು ಎಡಗಡೆಯ ಕೆಳತೋಳು, ಆಮೇಲೆ ಬಲದ್ದು, ಯಾಕೆಂದರೆ ಎತ್ತರ ಹೊಂದಿಸುವ ತಿರುಪು ಸಾಮಾನ್ಯವಾಗಿ ಬಲಗಡೆಗೆ ಇರುತ್ತದೆ. ಕಡೆಗೆ ಟಾಪ್ ಲಿಂಕು. ಬಿಚ್ಚುವಾಗ ಟಾಪ್ ಲಿಂಕಿನಿಂದ ಹಿಂದಕ್ಕೆ. ಪ್ರತಿ ಪಿನ್ನಿಗೂ ಅದರ ಲಿಂಚ್ ಪಿನ್ನು. ಮೊಳೆ, ತಂತಿ, ಸ್ಕ್ರೂಡ್ರೈವರ್ ಸಿಕ್ಕಿಸಿ ಕೆಲಸ ಮಾಡುವ ಟ್ರ್ಯಾಕ್ಟರುಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಈ ಮೂರು ತೋಳುಗಳ ಜೋಡಣೆಯನ್ನು 1920ರ ದಶಕದಲ್ಲಿ ರೂಪಿಸಿದ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್‌ಗೆ ಅದರ ಒಂದು ಕಾರಣ ಸುರಕ್ಷತೆಯೇ ಆಗಿತ್ತು. ಅದಕ್ಕೆ ಮುಂಚೆ ನೇಗಿಲನ್ನು ಸರಪಳಿಯಲ್ಲಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮುಂಭಾಗ ಎದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ನೂರು ವರ್ಷ ಕಳೆದರೂ ನಾವು ಅದೇ ತಪ್ಪನ್ನು ಬೇರೆ ರೀತಿ ಮಾಡುತ್ತೇವೆ. ಅಡಿಕೆ ಮರವನ್ನೋ ಕೆಸರಿನಲ್ಲಿ ಹೂತ ಪಿಕಪ್ಪನ್ನೋ ಎಳೆಯಲು ಹಗ್ಗವನ್ನು ಟಾಪ್ ಲಿಂಕಿನ ಕಣ್ಣಿಗೆ ಕಟ್ಟುತ್ತೇವೆ. ಹಗ್ಗ ಎತ್ತರದಲ್ಲಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಬೇಡ. ಎಳೆಯುವುದೇನಿದ್ದರೂ ಕೆಳಗಿನ ಡ್ರಾಬಾರಿನಿಂದ ಮಾತ್ರ.

ಬೈರಾಸು ಮತ್ತು ಸೆಕೆಂಡಿಗೆ ಒಂಬತ್ತು ಸುತ್ತು

ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಶಾಫ್ಟಿನ ಸುತ್ತಳತೆ ಇಪ್ಪತ್ತೆರಡು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದಕ್ಕೆ ಸಿಕ್ಕಿದ ಬಟ್ಟೆಯನ್ನು ಸೆಕೆಂಡಿಗೆ ಎರಡು ಮೀಟರ್ ಸುತ್ತಿಕೊಳ್ಳುತ್ತದೆ. ಒಂದು ಬೈರಾಸಿನ ಉದ್ದ ಅಷ್ಟೂ ಇಲ್ಲ. ‘ಸಿಕ್ಕಿದರೆ ಕೈ ಎಳೆದುಕೊಳ್ಳಬಹುದು’ ಎನ್ನುವವರಿಗೆ ಈ ಲೆಕ್ಕ ಹೇಳಿ. ಮನುಷ್ಯನ ಮಿದುಳಿಗೆ ಆಪತ್ತು ಗೊತ್ತಾಗುವಷ್ಟರಲ್ಲೇ ಒಂದೋ ಎರಡೋ ಸುತ್ತು ಮುಗಿದಿರುತ್ತದೆ.

ನಮ್ಮ ಕಡೆಯ ಉಡುಪೇ ಅಪಾಯಕ್ಕೆ ಹೇಳಿ ಮಾಡಿಸಿದ್ದು. ಸೊಂಟದಲ್ಲಿ ಲುಂಗಿ, ಹೆಗಲಲ್ಲಿ ಬೈರಾಸು, ಮಳೆಗೆ ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಶೀಟು. ಗಾಳಿ ಬೀಸಿದರೆ ಅದು ಎಲ್ಲಿಗೆ ಹೋಗುತ್ತದೆಂದು ಹಾಕಿಕೊಂಡವನಿಗೇ ಗೊತ್ತಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಶಾಫ್ಟಿನ ಪ್ಲಾಸ್ಟಿಕ್ ಕವಚ ಮೊದಲ ವರ್ಷವೇ ಒಡೆದಿರುತ್ತದೆ, ಹೊಸದು ಹಾಕಿಸುವವರು ಅಪರೂಪ. ಒಕ್ಕಣೆ ಯಂತ್ರಗಳಿಗೆ ಕೈ ಕೊಟ್ಟವರ ಸಂಖ್ಯೆ ಹೆಚ್ಚಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯೇ ಬಂತು. ಆದರೆ ನಮ್ಮ ಗದ್ದೆಯ ಹುಣಿಯ ಮೇಲೆ ಕಾಯ್ದೆ ಓದಿ ಹೇಳುವವರು ಯಾರು?

ನಮ್ಮ ಊರಿನ ಒಬ್ಬ ಟಿಲ್ಲರ್ ಚಾಲಕರು ಎಡಗಾಲಿನ ಮೂರು ಬೆರಳು ಕಳೆದುಕೊಂಡಿದ್ದಾರೆ. ಇಪ್ಪತ್ತು ವರ್ಷ ಉತ್ತ ಅನುಭವ ಅವರದ್ದು. ರೋಟರಿಗೆ ಬಳ್ಳಿ ಸುತ್ತಿತ್ತು. ಎಂಜಿನ್ ಬಂದ್ ಮಾಡಿದರೆ ಮತ್ತೆ ಹ್ಯಾಂಡಲ್ ಹೊಡೆಯಬೇಕಲ್ಲ ಎಂದು ಕ್ಲಚ್ ಮಾತ್ರ ಬಿಡಿಸಿ, ಕಾಲಿನಿಂದ ಬಳ್ಳಿ ಜಾಡಿಸಿದರು. ಕ್ಲಚ್ಚಿನ ಲಿವರ್ ತಾನಾಗಿ ಮುಂದೆ ಹೋಯಿತು. ಈಗ ಅವರು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ, ಕೂತು ಮಾಡುವ ಕೆಲಸ. ಟಿಲ್ಲರ್ ಮಾರಿದರು. ನಾನು ಇದನ್ನು ಬರೆಯುತ್ತೇನೆಂದಾಗ “ಬರೆ ಮಗ, ಆದರೆ ನನ್ನ ಹೆಸರು ಬೇಡ, ಲಿವರಿನ ವಿಷಯ ಮಾತ್ರ ಬರೆ” ಎಂದರು. ಆದ್ದರಿಂದ ಲಿವರಿನ ವಿಷಯ: ಕ್ಲಚ್ ಬಿಡಿಸಿದ್ದು ಎಂದರೆ ಬಂದ್ ಮಾಡಿದ್ದು ಎಂದಲ್ಲ. ಗೇರು ನ್ಯೂಟ್ರಲ್, ರೋಟರಿ ನ್ಯೂಟ್ರಲ್, ಎಂಜಿನ್ ಬಂದ್, ಬ್ಲೇಡ್ ಪೂರ್ತಿ ನಿಂತದ್ದನ್ನು ಕಣ್ಣಿನಿಂದ ನೋಡಿದ ಮೇಲೆ ಬಳ್ಳಿ. ಅದೂ ಕತ್ತಿಯಿಂದ, ಕಾಲಿನಿಂದ ಅಲ್ಲ.

ಹಲವು ಟಿಲ್ಲರುಗಳಲ್ಲಿ ರಿವರ್ಸ್ ಗೇರ್ ಹಾಕಿದರೆ ರೋಟರಿ ತಿರುಗದ ಹಾಗೆ ತಡೆ ಇರುತ್ತದೆ. ಹಿಂದಕ್ಕೆ ಬರುವಾಗ ಚಾಲಕ ಎಡವಿದರೆ ಯಂತ್ರ ಅವನ ಮೇಲೆಯೇ ಬರುತ್ತದೆ, ಅದಕ್ಕೆ. ಅದನ್ನು ಬಿಚ್ಚಿ ಕೊಡಿ ಎಂದು ಕೇಳಿಕೊಂಡು ಬರುವವರಿದ್ದಾರೆ. ಅಣ್ಣ ಬಿಚ್ಚುವುದಿಲ್ಲ. ಬೇರೆ ಕಡೆ ಬಿಚ್ಚಿಸಿಕೊಳ್ಳುತ್ತಾರೆ.

ರೋಟವೇಟರ್ ಎತ್ತಿ ಅಡಿಗೆ ತೂರಿ ಬ್ಲೇಡ್ ಬಿಗಿಮಾಡುವುದು ಇನ್ನೊಂದು ಧೈರ್ಯ. ಹೈಡ್ರಾಲಿಕ್ ಲಿಫ್ಟು ಜಾಕ್ ಅಲ್ಲ. ಒಂದು ಸೀಲ್ ಹೋದರೆ, ಪಕ್ಕದಲ್ಲಿ ನಿಂತ ಮಗು ಲಿವರ್ ಮುಟ್ಟಿದರೆ ನೂರಾರು ಕಿಲೊ ಕೆಳಗೆ ಬರುತ್ತದೆ. ಅಡಿಗೆ ಕಟ್ಟೆ ಕೊಡಲೇಬೇಕು. ನಮ್ಮಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು, ಆದರೆ ಅದನ್ನು ನಂಬಬೇಡಿ. ಗೋಡೆಗೆ ಒಳ್ಳೆಯದು, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ, ಅದೂ ಮಳೆಗೆ ನೆನೆದದ್ದು, ಪುಡಿಯಾಗುತ್ತದೆ. ಗಟ್ಟಿ ಮರದ ದಿಮ್ಮಿ ಎರಡು ಇಟ್ಟುಕೊಳ್ಳಿ. ಟ್ರ್ಯಾಕ್ಟರಿನ ಕೀ ನಿಮ್ಮ ಜೇಬಿನಲ್ಲಿರಲಿ.

ಗಾಯವಾದರೆ ಎಂತ ಮಾಡುವುದು ಎನ್ನುವುದೂ ಗೊತ್ತಿರಬೇಕು. ರಕ್ತ ಬರುವ ಜಾಗಕ್ಕೆ ಶುಚಿಯಾದ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನು. ಬೆರಳು ತುಂಡಾಗಿದ್ದರೆ ಅದನ್ನು ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲೆ ಇಟ್ಟು ಆಸ್ಪತ್ರೆಗೆ ಒಯ್ಯಬೇಕು. ನೇರವಾಗಿ ಐಸಿಗೆ ಹಾಕಬಾರದು. ಸಣ್ಣ ಗಾಯವೇ ಆದರೂ ಟಿಟಿ ಇಂಜೆಕ್ಷನ್ ವಿಷಯ ವೈದ್ಯರನ್ನು ಕೇಳಬೇಕು. ಗದ್ದೆಯ ಕೆಸರಿನಲ್ಲಿ ಇಲಿಜ್ವರದ ಭಯವೂ ಇದೆ.

ಇಳಿಜಾರಿನಲ್ಲಿ ಎಡ ಒತ್ತಿದರೆ ಬಲಕ್ಕೆ

ಬಯಲುಸೀಮೆಯ ಪುಸ್ತಕಗಳಲ್ಲಿ ಹೆಚ್ಚು ಬರೆಯದ, ನಮ್ಮ ಕಡೆಯ ಗುಡ್ಡಗಳಲ್ಲಿ ಮಾತ್ರ ಚೆನ್ನಾಗಿ ಗೊತ್ತಿರಬೇಕಾದ ಸಂಗತಿ ಒಂದಿದೆ. ಟಿಲ್ಲರಿಗೆ ಎರಡು ಹಿಡಿಗಳ ಕೆಳಗೆ ಒಂದೊಂದು ಸ್ಟಿಯರಿಂಗ್ ಕ್ಲಚ್. ಎಡದ್ದನ್ನು ಒತ್ತಿದರೆ ಎಡಚಕ್ರಕ್ಕೆ ಎಂಜಿನ್ನಿನ ಸಂಪರ್ಕ ತಪ್ಪುತ್ತದೆ, ಬಲಚಕ್ರ ಮಾತ್ರ ತಳ್ಳುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇದು ಸಮತಟ್ಟಿನಲ್ಲಿ. ಇಳಿಜಾರಿನಲ್ಲಿ, ಹಿಂದೆ ಟ್ರೈಲರಿನಲ್ಲಿ ಗೊಬ್ಬರವೋ ಅಡಿಕೆಯೋ ತುಂಬಿದಾಗ, ಚಕ್ರಗಳನ್ನು ಎಂಜಿನ್ ತಳ್ಳುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಆಗ ಎಡ ಒತ್ತಿದರೆ ಎಡಚಕ್ರ ಬಿಡುಗಡೆಯಾಗಿ ಓಡುತ್ತದೆ, ಬಲಚಕ್ರ ಹಿಡಿದುಕೊಂಡಿರುತ್ತದೆ. ಟಿಲ್ಲರ್ ಬಲಕ್ಕೆ ತಿರುಗುತ್ತದೆ!

ಹೆದರಿದವನು ಇನ್ನೂ ಗಟ್ಟಿಯಾಗಿ ಎಡ ಒತ್ತುತ್ತಾನೆ. ಬಲಕ್ಕೆ ತೋಡು ಇದ್ದರೆ ಕತೆ ಮುಗಿಯಿತು. ಇಳಿಜಾರಿನಲ್ಲಿ ಸ್ಟಿಯರಿಂಗ್ ಕ್ಲಚ್ ಮುಟ್ಟದೆ ಹ್ಯಾಂಡಲನ್ನೇ ದೂಡಿ ತಿರುಗಿಸಬೇಕು. ಇಳಿಯಲು ಶುರು ಮಾಡುವ ಮೊದಲೇ ಚಿಕ್ಕ ಗೇರಿಗೆ ಬಂದು ಎಂಜಿನ್ ನಿಧಾನ ಮಾಡಬೇಕು. ಟ್ರೈಲರಿನ ಬ್ರೇಕ್ ಕೆಲಸ ಮಾಡುತ್ತದೋ ಎಂದು ಮೇಲೆಯೇ ನೋಡಬೇಕು. ನಡುದಾರಿಯಲ್ಲಿ ಗೇರ್ ಬದಲಿಸಲು ಹೋಗಿ ನ್ಯೂಟ್ರಲ್ ಆದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಕಡಬ, ಸುಬ್ರಹ್ಮಣ್ಯದ ಕಡೆ ಮನೆಗೆ ಇಳಿಯುವ ಮಣ್ಣಿನ ರಸ್ತೆಗಳನ್ನು ನೋಡಿದವರಿಗೆ ಇದು ಅತಿಶಯ ಅನಿಸದು. ಟ್ರೈಲರಿನಲ್ಲಿ ಜನ ಕೂರಿಸಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಆದರೂ ಪ್ರತಿ ಮದುವೆಯ ಚಪ್ಪರದ ಸಾಮಾನಿನ ಮೇಲೆ ನಾಲ್ಕು ಜನ ಕೂತಿರುತ್ತಾರೆ.

ಮಳೆಗೂ ಕಬ್ಬಿಣಕ್ಕೂ ಮುಗಿಯದ ಜಗಳ

ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಬೇರೆ ಕಡೆ ಹತ್ತು ವರ್ಷ ಬಾಳುವ ಅಟ್ಯಾಚ್‌ಮೆಂಟು ಇಲ್ಲಿ ಬಾಳುವುದಿಲ್ಲ, ನೋಡಿಕೊಳ್ಳದಿದ್ದರೆ. ನೋಡಿಕೊಳ್ಳುವುದು ದೊಡ್ಡ ವಿದ್ಯೆಯೂ ಅಲ್ಲ. ಕೆಲಸ ಮುಗಿದ ದಿನವೇ ನೀರು ಹೊಡೆದು ಕೆಸರು ಬಿಡಿಸುವುದು. ಶಾಫ್ಟಿನ ಎರಡೂ ಬದಿಗೆ ಸುತ್ತಿದ ಹುಲ್ಲು, ಬಳ್ಳಿ, ಪ್ಲಾಸ್ಟಿಕ್ ಹಗ್ಗ ಕತ್ತರಿಸಿ ತೆಗೆಯುವುದು. ಅದು ಆಯಿಲ್ ಸೀಲನ್ನು ಸೀಳುತ್ತದೆ, ಸೀಲ್ ಹೋದರೆ ಕೆಸರುನೀರು ಒಳಗೆ. ಗೇರ್‌ಬಾಕ್ಸಿನ ಆಯಿಲ್ ತೆಗೆದು ನೋಡಿ: ಚಹಾಕ್ಕೆ ಹಾಲು ಹಾಕಿದ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದರ್ಥ. ಸೀಲ್ ಬದಲಿಸದೆ ಬರೀ ಆಯಿಲ್ ಬದಲಿಸಿದರೆ ವಾರದಲ್ಲಿ ಮತ್ತೆ ಚಹಾ. ಕ್ರಾಸಿನ ನಿಪ್ಪಲಿಗೆ ದಿನಾ ಗ್ರೀಸ್ ಗನ್ನಿನ ಎರಡು ಒತ್ತು. ಹೊಸ ಯಂತ್ರವಾದರೆ ಮೊದಲ ಕೆಲವು ಗಂಟೆ ಓಡಿಸಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಬೇಕು, ಯಾಕೆಂದರೆ ಬಣ್ಣದ ಪದರ ಸವೆದು ಎಲ್ಲವೂ ಸ್ವಲ್ಪ ಸಡಿಲವಾಗುತ್ತದೆ.

ಸೀಸನ್ ಮುಗಿದ ಮೇಲೆ ಬ್ಲೇಡುಗಳಿಗೆ ಹಳೆಯ ಎಂಜಿನ್ ಆಯಿಲ್ ಬಳಿದು, ಮಣ್ಣಿನ ಮೇಲೆ ಅಲ್ಲ, ಹಲಗೆಯ ಮೇಲೆ ಇಡಿ. ರಸಗೊಬ್ಬರದ ಚೀಲದ ಪಕ್ಕ ಬೇಡವೇ ಬೇಡ. ಇಷ್ಟು ಮಾಡಿದವರ ರೋಟರಿ ಐದನೇ ವರ್ಷಕ್ಕೂ ಹೊಸದರಂತೆ ಇರುವುದನ್ನು ನೋಡಿದ್ದೇನೆ. ಅವರು ಗ್ಯಾರೇಜಿಗೆ ಬರುವುದು ಅಪರೂಪ, ವ್ಯಾಪಾರದ ದೃಷ್ಟಿಯಿಂದ ನಮಗೆ ನಷ್ಟವೇ.

ಈಗ ಕೆಲಸದ ವಿಷಯ

ಗದ್ದೆ ಕಡಿಮೆಯಾಗಿದೆ, ಅಡಿಕೆ ತೋಟ ಹೆಚ್ಚಾಗಿದೆ, ಇನ್ನು ಉಳುವ ಯಂತ್ರಕ್ಕೆ ಯಾರು ಬರುತ್ತಾರೆ ಎಂದು ಮನೆಯಲ್ಲಿ ನನ್ನ ಮಾವ ಕೇಳಿದ್ದರು. ಪ್ರಶ್ನೆ ಸರಿಯೇ. ಆದರೆ ಗದ್ದೆ ಕಡಿಮೆಯಾದ ಕಾರಣ ಎತ್ತು, ಕೋಣ ಸಾಕುವವರು ಹೋದರು. ಉಳಿದ ಗದ್ದೆಯೆಲ್ಲ ಯಂತ್ರಕ್ಕೇ ಬಂತು. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡವರು ಬೇರೆ ಬೆಳೆಯ ದಾರಿ ಹುಡುಕುತ್ತಿದ್ದಾರೆ, ಅವರಿಗೂ ಮಣ್ಣು ಸಡಿಲ ಮಾಡಬೇಕು. ಟ್ರೈಲರ್ ಅಂತೂ ಪ್ರತಿ ತೋಟಕ್ಕೂ ಬೇಕು. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರ ಬಾಡಿಗೆಗೆ ಸಿಗುತ್ತದೆ. ಬಾಡಿಗೆಯ ಯಂತ್ರವೆಂದರೆ ಹತ್ತು ಕೈಯ ಯಂತ್ರ, ಅದಕ್ಕೆ ನೋಡಿಕೊಳ್ಳುವವನು ಹೆಚ್ಚು ಬೇಕು. ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಕ್ಯಾಂಪ್ಕೊ ಜತೆಗೂಡಿ ನಡೆಸಿದ ಕೃಷಿ ಯಂತ್ರ ಮೇಳಗಳಿಗೆ ಸೇರಿದ ಜನ ನೋಡಿದವರಿಗೆ ಬೇಡಿಕೆಯ ಬಗ್ಗೆ ಸಂಶಯ ಉಳಿಯದು. ಮೇಳದಲ್ಲಿ ಯಂತ್ರ ಕೊಂಡುಕೊಳ್ಳುವವರು ಸಾಲುಗಟ್ಟುತ್ತಾರೆ. ಕೊಂಡ ಮೇಲೆ ಎಲ್ಲಿ ತೋರಿಸುವುದು ಎಂಬುದೇ ಅವರ ತಲೆನೋವು.

ಕಲಿಯುವುದು ಎಲ್ಲಿ? ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ‘ಮೆಕ್ಯಾನಿಕ್ ಟ್ರ್ಯಾಕ್ಟರ್’ ಎಂಬ ಒಂದು ವರ್ಷದ ಕೋರ್ಸ್ ಇದೆ, ‘ಮೆಕ್ಯಾನಿಕ್ ಅಗ್ರಿಕಲ್ಚರಲ್ ಮೆಷಿನರಿ’ ಎಂಬ ಎರಡು ವರ್ಷದ್ದೂ ಇದೆ. ಎಲ್ಲ ಐಟಿಐಗಳಲ್ಲಿ ಸಿಗುವುದಿಲ್ಲ, ಅರ್ಜಿ ಹಾಕುವ ಮೊದಲು ಪಟ್ಟಿ ನೋಡಬೇಕು. ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಟ್ರ್ಯಾಕ್ಟರ್ ಮತ್ತು ಅಟ್ಯಾಚ್‌ಮೆಂಟುಗಳನ್ನು ಓಡಿಸುವ, ದುರಸ್ತಿ ಮಾಡುವ ಅಲ್ಪಾವಧಿ ತರಬೇತಿ ಅಲ್ಲಿ ಕೊಡುತ್ತಾರೆ. ಇಂಥ ಸಂಸ್ಥೆ ದೇಶದಲ್ಲಿ ನಾಲ್ಕೇ. ನಮ್ಮ ಕಡೆಯಿಂದ ಹೋಗುವವರು ವಿರಳ, ಗೊತ್ತಿದ್ದವರೇ ವಿರಳ. ಸ್ವಂತ ಗ್ಯಾರೇಜು ಹಾಕುವ ಯೋಚನೆ ಇದ್ದರೆ 1982ರಿಂದ ನಡೆಯುತ್ತಿರುವ ಉಜಿರೆಯ ರುಡ್‌ಸೆಟ್ ಸಂಸ್ಥೆ ಊಟ ವಸತಿಯ ಜತೆ ಉಚಿತವಾಗಿ ಸ್ವಉದ್ಯೋಗದ ತರಬೇತಿ ಕೊಡುತ್ತದೆ. ಲೆಕ್ಕಪತ್ರ, ಬ್ಯಾಂಕ್ ಸಾಲದ ಕಾಗದ ಪತ್ರ ಅಲ್ಲಿ ಅರ್ಥವಾಗುತ್ತದೆ. ಯಂತ್ರ ಕೊಳ್ಳಲು ಸಹಾಯಧನದ ವಿಚಾರ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ದರ ಮತ್ತು ಷರತ್ತು ಬದಲಾಗುತ್ತಿರುತ್ತವೆ.

ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರಿಗೆ ಒಂದು ಮಾತು. ಕಡೆಯ ವರ್ಷದ ಪ್ರಾಜೆಕ್ಟ್ ಎಂದು ಬೆಂಗಳೂರಿನಿಂದ ತಯಾರಾದ ಮಾಡೆಲ್ ಕೊಂಡು ತರುವವರನ್ನು ನಾನು ನೋಡಿದ್ದೇನೆ. ಅದರ ಬದಲು ಒಡೆದ ಪಿಟಿಒ ಕವಚಕ್ಕೆ ನಮ್ಮಲ್ಲೇ ಸಿಗುವ ಪಿವಿಸಿ ಪೈಪಿನಿಂದ ಅಗ್ಗದ, ತಿರುಗದೆ ನಿಲ್ಲುವ ಕವಚ ಮಾಡಿ ನೋಡಿ. ಅಥವಾ ಟಿಲ್ಲರಿನ ಹ್ಯಾಂಡಲ್ ಕೈಯಿಂದ ಬಿಟ್ಟ ಕೂಡಲೇ ಬೆಲ್ಟ್ ಸಡಿಲವಾಗಿ ರೋಟರಿ ನಿಲ್ಲುವ ಲಿವರ್. ಮಾಡಿದ್ದನ್ನು ಪಕ್ಕದ ಮನೆಯ ಯಂತ್ರಕ್ಕೇ ಹಾಕಿ ಒಂದು ಮಳೆಗಾಲ ಓಡಿಸಬಹುದು, ವೈವಾದಲ್ಲಿ ಕೇಳುವ ಪ್ರಶ್ನೆಗೆ ಉತ್ತರವೂ ತಾನಾಗಿ ಬರುತ್ತದೆ.

ನಮ್ಮ ಗ್ಯಾರೇಜಿನಲ್ಲಿ ಕಲಿತ ಒಬ್ಬ ಹುಡುಗ, ಐಟಿಐ ಫಿಟ್ಟರ್, ಈಗ ಸ್ವಂತಕ್ಕೆ ಕೆಲಸ ಮಾಡುತ್ತಾನೆ. ಅಂಗಡಿ ಇಲ್ಲ. ಸ್ಕೂಟರಿನ ಮುಂದೆ ಸ್ಪ್ಯಾನರ್ ಸೆಟ್ಟು, ಗ್ರೀಸ್ ಗನ್ನು, ಎರಡು ಮರದ ದಿಮ್ಮಿ, ಒಂದು ಡಬ್ಬಿ ತುಂಬ ಲಿಂಚ್ ಪಿನ್ನು. ಪತ್ತನಾಜೆಗೆ ಮೊದಲು, ಮಳೆ ಶುರುವಾಗುವ ಮುಂಚೆ, ಮನೆಮನೆಗೆ ಹೋಗಿ ಟಿಲ್ಲರಿನ, ರೋಟವೇಟರಿನ ಹಿಂದಿನ ಭಾಗ ಮಾತ್ರ ನೋಡಿ, ಬಿಗಿ ಮಾಡಿ, ಗ್ರೀಸ್ ಹಾಕಿ ಬರುತ್ತಾನೆ. ಪಿನ್ನಿಗೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ತಂತಿ ಕಟ್ಟಿದ್ದು ಕಂಡರೆ ತಾನೇ ಕಿತ್ತು ಪಿನ್ನು ಸಿಕ್ಕಿಸುತ್ತಾನೆ. ಈ ಸಲ ಮೇ ತಿಂಗಳ ಮಧ್ಯದಲ್ಲೇ ಅವನ ಡೈರಿಯಲ್ಲಿ ಹದಿನೇಳು ಮನೆ ಬರೆದಾಗಿತ್ತು, ಇನ್ನಿಬ್ಬರನ್ನು ಜತೆಗೆ ಸೇರಿಸಿಕೊಳ್ಳುವ ಮಾತಾಡುತ್ತಿದ್ದ.